ಗೊಂಬೆ ಅರಗಿನ ಮೀನುತೊಟ್ಟಿ

ಆ ಗಾಜಿನ ತೊಟ್ಟಿ ಒಡೆದಾಗ ನಾನು ಅಲ್ಲಿದ್ದೆನೋ ಇಲ್ಲವೋ, ಈಗ ಖಾತ್ರಿಯಾಗಿ ಹೇಳಲಾರೆ. ಇದ್ದೆ ಎಂದು ನೂರಾರು ಜನಕ್ಕೆ ಹೇಳಿದ್ದೇನೆ. ಸದ್ದು ಹೇಗಿತ್ತು ಎಂದು ಬಾಯಲ್ಲಿ ಮಾಡಿ ತೋರಿಸಿದ್ದೇನೆ. ನೀರು ಮೆಟ್ಟಿಲಿಳಿದು ಮೈಸೂರು ರಸ್ತೆಯವರೆಗೆ ಹರಿದದ್ದು, ಅದರ ಮೇಲೆ ಒಂದು ಇಡ್ಲಿ ತಟ್ಟೆ ತೇಲಿಕೊಂಡು ಹೋದದ್ದು, ಹೋಟೆಲಿನ ಯಜಮಾನರು ಮಂಕಿ ಕ್ಯಾಪ್ ಹಾಕಿಕೊಂಡು ಕುರ್ಚಿಯ ಮೇಲೆ ನಿಂತಿದ್ದದ್ದು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಸಾಕ್ಸು ಒದ್ದೆಯಾದದ್ದು ಕೂಡ ನೆನಪಿದೆ. ಆದರೆ ನನ್ನ ಚಿಕ್ಕಮ್ಮ, ಆ ಬೆಳಿಗ್ಗೆ ನಾನು ಮನೆಯಲ್ಲೇ ಕಂಬಳಿ ಹೊದ್ದು ಮಲಗಿದ್ದೆ, ತಾನೇ ಕಾಲು ಜಗ್ಗಿ ಎಬ್ಬಿಸಿ ಸುದ್ದಿ ಹೇಳಿದೆ ಎನ್ನುತ್ತಾಳೆ. ಚಿಕ್ಕಮ್ಮನಿಗೆ ಸುಳ್ಳು ಹೇಳಿ ಆಗಬೇಕಾದದ್ದು ಏನೂ ಇಲ್ಲ. ನನಗೆ ಇತ್ತು.

ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿದವನು. ಅಲ್ಲಿ ಕಲಿತ ಪಾಠಗಳಲ್ಲಿ ಅರ್ಧ ಮರೆತಿದ್ದೇನೆ, ಒಂದು ಚಟ ಮಾತ್ರ ಉಳಿಯಿತು. ಯಾರು ಏನು ಹೇಳಿದರೂ, ಯಾರು ಅಳೆದರು, ಯಾವುದರಿಂದ ಅಳೆದರು ಎಂದು ಕೇಳುವುದು. ಮದುವೆ ಮನೆಯಲ್ಲಿ ಯಾರಾದರೂ ಹುಡುಗಿಗೆ ಹದಿನಾರು ಗುಣ ಕೂಡಿದೆ ಎಂದರೂ ಹಾಗೇ ಕೇಳಿ ಬೈಸಿಕೊಂಡಿದ್ದೇನೆ. ಎರಡು ವರ್ಷದಲ್ಲಿ ಮೂರು ಕೆಲಸ ಬಿಟ್ಟು, ಕೊನೆಗೆ ಬಿಡದಿಯ ಒಂದು ಕಾರ್ಖಾನೆಯ ಬಣ್ಣ ಪರೀಕ್ಷಿಸುವ ಲ್ಯಾಬಿನಲ್ಲಿ ಸೇರಿಕೊಂಡಿದ್ದೆ. ನಮ್ಮೂರು ಮಾಗಡಿ ಕಡೆ. ಅಲ್ಲಿಂದ ದಿನಾ ಬಸ್ಸು ಬದಲಾಯಿಸಿ ಬರುವುದು ಆಗದ ಮಾತು. ಹಾಗಾಗಿ ಚನ್ನಪಟ್ಟಣದಲ್ಲಿದ್ದ ಚಿಕ್ಕಪ್ಪನ ಮನೆಯಲ್ಲಿ ಉಳಿದೆ. ಕಂಪನಿ ಬಸ್ಸು ಮೂರು ಪಾಳಿಗೂ ಮೈಸೂರು ರಸ್ತೆಯಲ್ಲಿ ಬರುತ್ತಿತ್ತು. ನನ್ನ ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಆ ದಿನ ಯಾವ ಪಾಳಿಯಲ್ಲಿದ್ದೆ ಎನ್ನುವುದು ನೆನಪಿದ್ದಿದ್ದರೆ ಈ ಬರಹದ ಮೊದಲ ವಾಕ್ಯ ಬೇರೆಯಾಗಿರುತ್ತಿತ್ತು.

ಚಿಕ್ಕಪ್ಪ ಗೊಂಬೆ ಕಡೆಯುವವನು. ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಅವನ ಲೇತು. ಆಲೆ ಮರದ ತುಂಡು ಗಿರಗಿರ ತಿರುಗುವಾಗ ಉಳಿ ಹಿಡಿದು ಆಕಾರ ತರುತ್ತಿದ್ದ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಕೊನೆಗೆ ತಾಳೆಗರಿಯ ತುಂಡಿನಿಂದ ತೀಡಿದರೆ ಮುಖ ಕಾಣುವಷ್ಟು ಹೊಳಪು. ಇಷ್ಟೇ ಕೆಲಸ. ಇದನ್ನು ಮೂವತ್ತು ವರ್ಷದಿಂದ ಮಾಡುತ್ತಿದ್ದ. ಆ ವರ್ಷಗಳಲ್ಲಿ ಪ್ಲಾಸ್ಟಿಕ್ ಗೊಂಬೆಗಳು ಗಂಟು ಗಂಟಾಗಿ ಬರತೊಡಗಿದ್ದವು. ನಮ್ಮ ಬೀದಿಯಲ್ಲೇ ಎರಡು ಲೇತು ನಿಂತು, ಅವುಗಳ ಮುಂದೆ ಕೂತಿದ್ದವರು ನೀಲಿ ಸಮವಸ್ತ್ರ ತೊಟ್ಟು ಬಿಡದಿಯ ಕಾರ್ಖಾನೆಗಳ ಗೇಟಿನಲ್ಲಿ ನಿಂತಿದ್ದರು. ಚಿಕ್ಕಪ್ಪ ಅವರನ್ನು ರೇಗಿಸುತ್ತಿದ್ದ.

"ಬಾಗ್ಲು ತಗ್ಯಾಕೆ ಒಬ್ಬ, ಹಾಕಾಕೆ ಒಬ್ಬ. ಅಲ್ಲ ಕಣ್ಲಾ, ನಿಮ್ ಕಂಪ್ನಿ ಬಾಗ್ಲಿಗೆ ಚಿಲ್ಕ ಇಲ್ವೇನ್ಲಾ?"

ಹೋಟೆಲಿನ ಯಜಮಾನರು ಚಿಕ್ಕಪ್ಪನ ಹಳೆಯ ಸ್ನೇಹಿತರು. ಅವರು ರಾಮನಗರದಲ್ಲಿ ಮೂವತ್ತು ವರ್ಷ ರೀಲರ್ ಆಗಿದ್ದವರು. ಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಂಡು, ಬಿಸಿ ನೀರಿನ ಬೇಸಿನ್ನಿನಲ್ಲಿ ಹಾಕಿ, ರೇಷ್ಮೆ ಎಳೆ ಬಿಚ್ಚಿಸುವ ಕಸುಬು. ಬೆರಳ ತುದಿಗಳು ನೀರಿನಲ್ಲಿ ಬೆಂದು ಬೆಂದು ಬಿಳಿಚಿಕೊಂಡಿದ್ದವು. ಅದು ಸಾಕಾಗಿ, ರಸ್ತೆ ಅಗಲವಾದಾಗ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ರಸ್ತೆ ಪಕ್ಕದಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲು ತೆರೆದರು. ಇಡ್ಲಿ ಚೆನ್ನಾಗಿತ್ತು. ಆದರೆ ಕಾರುಗಳು ನಿಲ್ಲುತ್ತಿರಲಿಲ್ಲ. ಬೆಂಗಳೂರಿನಲ್ಲಿ ಯಾವುದೋ ಹೋಟೆಲಿನ ಬಾಗಿಲಲ್ಲಿ ಮೀನಿನ ಗಾಜು ನೋಡಿ ಬಂದವರು, ಅದಕ್ಕಿಂತ ದೊಡ್ಡದು ಮಾಡಿಸುತ್ತೇನೆ ಎಂದು ಹಟ ಹಿಡಿದರು.

ಕಬ್ಬಿಣದ ಆಂಗಲ್ ಚೌಕಟ್ಟು ಬೆಸುಗೆ ಆಯಿತು. ದಪ್ಪ ಗಾಜು ಬೆಂಗಳೂರಿನಿಂದ ಹುಲ್ಲಿನ ಮೇಲೆ ಮಲಗಿಕೊಂಡು ಬಂತು. ಗಾಜನ್ನು ಚೌಕಟ್ಟಿಗೆ ಅಂಟಿಸುವವನು ಮಾತ್ರ ಹದಿನೈದು ದಿನ ಬಿಟ್ಟು ಬರುತ್ತೇನೆ ಎಂದ. ಯಜಮಾನರಿಗೆ ಎರಡು ದಿನ ಕಾಯುವ ತಾಳ್ಮೆಯೂ ಇರಲಿಲ್ಲ. ಸಂಜೆ ನಮ್ಮ ಮನೆಗೆ ಬಂದು ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತರು.

"ನಿನ್ ಅರಗು ನೀರ್ ತಡೀತದೇನಯ್ಯ?"

"ಮಕ್ಳು ನಮ್ ಗೊಂಬೆನ ವರ್ಸಾನುಗಟ್ಲೆ ಬಾಯಲ್ಲಿ ಮಡಿಕ್ಕಂಡು ಚೀಪ್ತವೆ," ಎಂದ ಚಿಕ್ಕಪ್ಪ. "ಒಂದ್ ಚೂರು ಬಣ್ಣ ಬುಟ್ಟದಾ? ಇನ್ನ ನಿನ್ ಮೀನು ಚೀಪದೇ ಇಲ್ವಲ್ಲ!"

ನಾನು ಅಡ್ಡ ಬಾಯಿ ಹಾಕಿದೆ. ಅರಗು ಗೊಂಬೆಗೆ ಸರಿ, ಸಾವಿರಾರು ಲೀಟರ್ ನೀರಿನ ಒತ್ತಡಕ್ಕೆ ಹೇಳಿ ಮಾಡಿಸಿದ್ದಲ್ಲ, ಸೋಡಾ ತಗುಲಿದರೆ ಕರಗುತ್ತದೆ ಎಂದೆ.

"ಮೀನು ಸೋಡಾ ಕುಡಿತದೇನ್ಲಾ?" ಎಂದು ಚಿಕ್ಕಪ್ಪ ಕೇಳಿದ. ಇಬ್ಬರೂ ನಕ್ಕರು. ನನ್ನ ಎಂ.ಎಸ್ಸಿ. ಅಲ್ಲಿಗೆ ಮುಗಿಯಿತು.

ಅವನು ಕಬ್ಬಿಣದ ಬಾಣಲೆಯಲ್ಲಿ ಅರಗು ಕರಗಿಸಿದ. ಅದಕ್ಕೆ ರಾಳ ಹಾಕಿದ, ಜರಡಿ ಹಿಡಿದ ಇಟ್ಟಿಗೆ ಪುಡಿ ಹಾಕಿದ. ಅಜ್ಜನ ಕಾಲದಲ್ಲಿ ಉಳಿಗೆ ಹಿಡಿ ಕೂರಿಸಲು ಮಾಡುತ್ತಿದ್ದ ಪಾಕವಂತೆ. ಚೌಕಟ್ಟಿನ ಸಂದಿಗೆ ಅದನ್ನು ಎರೆದು, ಗಾಜು ಕೂರಿಸಿ, ಒಳಗಿನಿಂದ ಇನ್ನೊಂದು ಪದರ ಎರೆದು, ತಾಳೆಗರಿಯಿಂದ ತೀಡಿದ. ನಾಲ್ಕು ದಿನದ ಕೆಲಸ. ಅವನ ಬಳಿ ಕೆಂಪು ಅರಗು ಮಾತ್ರ ಅಷ್ಟೊಂದು ಇದ್ದದ್ದು. ಹೀಗಾಗಿ ಅಷ್ಟು ದೊಡ್ಡ ತೊಟ್ಟಿಯ ಎಲ್ಲ ಅಂಚುಗಳಿಗೂ ಗೊಂಬೆಯ ಟೊಪ್ಪಿಯ ಕೆಂಪು ಬಂತು. ಅದು ಹನ್ನೆರಡು ಅಡಿ ಉದ್ದವಿತ್ತು ಎಂದು ನನ್ನ ನೆನಪು. ಚಿಕ್ಕಪ್ಪ ಒಂಬತ್ತು ಎನ್ನುತ್ತಾನೆ. ಈಗಲೂ ಆ ರಸ್ತೆಯ ಆಟೋದವರನ್ನು ಕೇಳಿದರೆ ಇಪ್ಪತ್ತಕ್ಕೆ ಕಡಿಮೆ ಹೇಳುವುದಿಲ್ಲ.

ಯುಗಾದಿಗೆ ಮುಂಚೆ ನೀರು ತುಂಬಿಸಿದರು. ಒಂದು ಹನಿ ಜಿನುಗಲಿಲ್ಲ. ಚಿಕ್ಕಪ್ಪ ಮೂರು ದಿನ ಬೆಳಿಗ್ಗೆ ಹೋಗಿ ಅಂಚಿನುದ್ದಕ್ಕೂ ಬೆರಳಾಡಿಸಿ, ಬೆರಳನ್ನು ಪಂಚೆಗೆ ಒರೆಸಿಕೊಂಡು, ಕಾಫಿ ಕುಡಿದು ಬಂದ. ನಾಲ್ಕನೆಯ ದಿನ ಚಿಕ್ಕಮ್ಮನಿಗೆ, "ಬಾರಮ್ಮಿ, ನೋಡ್ಕಂಡು ಬರಾನ," ಎಂದ. ಅವಳನ್ನು ಅವನು ಯಾವುದಾದರೂ ಕೆಲಸ ನೋಡಲು ಕರೆದುಕೊಂಡು ಹೋದದ್ದು ಅದೊಂದೇ ಸಲ.

ಜನ ಬಂದರು. ಕನಕಪುರದಿಂದ, ಮಾಗಡಿಯಿಂದ ಬಸ್ಸು ಮಾಡಿಕೊಂಡು ಬಂದರು. ಯಜಮಾನರು ರೀಲಿಂಗ್ ಮನೆಯಿಂದ ಗೂಡಿನ ಹುಳ ಒಣಗಿಸಿ ತರಿಸಿ ತಮ್ಮ ಕೈಯಾರೆ ಮೀನುಗಳಿಗೆ ಹಾಕುತ್ತಿದ್ದರು. ಒಳಗೆ ಕೆಂಪು ಮೀನು, ಬೂದು ಮೀನು, ಜೊತೆಗೆ ಮಾರಿದವನು ಶಾರ್ಕ್ ಎಂದು ಹೇಳಿ ಕೊಟ್ಟಿದ್ದ ಒಂದು ಉದ್ದನೆಯ ಮೀನು.

"ಒಂದ್ ಮೊಳ ಇಲ್ಲ, ಶಾರ್ಕಂತೆ!" ಎಂದು ಯಾರೋ ನಕ್ಕರೆ, ಇನ್ನೊಬ್ಬ, "ಮರಿ ಕಣ್ಲಾ ಅದು. ಬೆಳೀಲಿ ತಡಿ, ಇಡ್ಲಿ ಬುಟ್ಟು ನಿನ್ನೇ ತಿಂತದೆ," ಎನ್ನುತ್ತಿದ್ದ. ಸಸ್ಯಾಹಾರಿ ಬೋರ್ಡಿನ ಕೆಳಗೆ ಮೀನು ಇಟ್ಟದ್ದರ ಬಗ್ಗೆ ದಿನಕ್ಕೊಂದು ಹೊಸ ತಮಾಷೆ ಹುಟ್ಟುತ್ತಿತ್ತು. ಯಜಮಾನರು ಎಲ್ಲಕ್ಕೂ ನಕ್ಕು, ಯಾರು ಮೆಚ್ಚಿದರೂ, "ಅಂಚ್ ನೋಡಿ, ನಮ್ ಚನ್ನಪಟ್ನದ ಅರಗು," ಎನ್ನುತ್ತಿದ್ದರು. ಮಾಗಡಿ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಒಬ್ಬರು ಬಾಗಿಲುವಾಡಕ್ಕೆ ಅರಗಿನ ಕೆಲಸ ಮಾಡಿಕೊಡಿ ಎಂದು ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದರು. ಒಂದು ಶಾಲೆಯವರು ಎಣಿಕೆಯ ಮಣಿಗಳನ್ನು ಮಾಡಿಕೊಡಲು ಹೇಳಿದರು. ಚಿಕ್ಕಪ್ಪ ಆ ವರ್ಷ ಹಾಡು ಗುನುಗಿಕೊಂಡು ಕಡೆಯುತ್ತಿದ್ದ.

ಧನುರ್ಮಾಸದ ಒಂದು ಬೆಳಿಗ್ಗೆ, ಏಳು ಗಂಟೆಯ ಹೊತ್ತಿಗೆ, ತೊಟ್ಟಿ ಒಡೆಯಿತು. ಇದರಲ್ಲಿ ಯಾರಿಗೂ ತಕರಾರಿಲ್ಲ. ರಸ್ತೆ ಕಡೆಗಿದ್ದ ದೊಡ್ಡ ಗಾಜು ಹೋಯಿತು. ಚಳಿಗೆ ಗಿರಾಕಿಗಳು ಹೆಚ್ಚಿರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಮೀನುಗಳನ್ನು ಬಕೆಟ್ಟು, ಕೊಡ, ಸಾಂಬಾರಿನ ಪಾತ್ರೆಗಳಿಗೆ ತುಂಬಿದರು. ಶಾರ್ಕು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಇನ್ನೂ ಆರು ತಿಂಗಳು ಬದುಕಿತ್ತು. ಆಮೇಲೆ ಯಾರ ಹೊಟ್ಟೆ ಸೇರಿತೋ ಯಜಮಾನರು ಹೇಳಲಿಲ್ಲ.

ಮುಂದಿನದು ನನಗೆ ಆಗಲೂ ಅರ್ಥವಾಗಿರಲಿಲ್ಲ, ಈಗಲೂ ಇಲ್ಲ. ಮೀನು ಇದ್ದಾಗ ಬಂದದ್ದಕ್ಕಿಂತ ಹೆಚ್ಚು ಜನ ಮೀನು ಇಲ್ಲದ ಖಾಲಿ ಜಾಗ ನೋಡಲು ಬಂದರು. ಬಸ್ಸಿನ ಕಂಡಕ್ಟರುಗಳು, "ಮೀನ್ ಒಡ್ದಿರೋ ಹೋಟ್ಲು, ಯಾರ್ರೀ ಇಳ್ಯೋರು!" ಎಂದು ಕೂಗುತ್ತಿದ್ದರು. ಕೇಬಲ್ ಟಿವಿಯವರು ಬಂದು ಒದ್ದೆ ನೆಲದ ಚಿತ್ರ ತೆಗೆದುಕೊಂಡು ಹೋದರು. ಬಂದವರು ಸುಮ್ಮನೆ ನೋಡಿ ಹೋಗಲಿಲ್ಲ. ಗಾಜಿನ ಚೂರು, ತೊಟ್ಟಿಯೊಳಗಿದ್ದ ಬಣ್ಣದ ಕಲ್ಲು, ಏನು ಸಿಕ್ಕಿದರೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ನನ್ನಂಥವನು ಪುರಾವೆ ಎಂದು ಕರೆಯುವುದೆಲ್ಲ ಎರಡೇ ದಿನದಲ್ಲಿ ನಾಲ್ಕು ತಾಲ್ಲೂಕಿನ ಗೋಡೆಗೂಡುಗಳಲ್ಲಿ ಹಂಚಿಹೋಯಿತು. ಆ ಎರಡು ದಿನ ಅರಗಿನ ಮೇಲೆ ಯಾರಿಗೂ ಅನುಮಾನವಿರಲಿಲ್ಲ, ಅಂಚನ್ನು ಬಾಗಿ ನೋಡಬೇಕೆಂದು ನಮಗೂ ಹೊಳೆಯಲಿಲ್ಲ. ಮೂರನೆಯ ದಿನ ಚೌಕಟ್ಟೂ ಕಾಣಲಿಲ್ಲ. ಗುಜರಿಯವನ ಗಾಡಿ ಹತ್ತಿತು ಎಂದು ಯಾರೋ ಅಂದರು. ನಾನು ನಂಬಿದೆ. ಯಾರು ನೋಡಿದರು ಎಂದು ಒಂದು ಮಾತು ಕೇಳಲಿಲ್ಲ.

ಹೋಟೆಲಿನಲ್ಲಿ ಕಾಫಿ ಹಿಡಿದುಕೊಂಡು ನಿಂತವರೆಲ್ಲ ತನಿಖಾಧಿಕಾರಿಗಳಾಗಿದ್ದರು.

"ರೈಲು ಕಣ್ರೀ. ಅಷ್ಟ್ ಹತ್ರ ಓಯ್ತದೆ, ನೆಲ ಅದ್ರಲ್ವಾ?"

"ರೈಲು ಬೆಳಗಾನ ಓಯ್ತದೆ, ದಿನಾ ಒಡೀತಿತ್ತಾ? ಕಲ್ ಕ್ವಾರೇಲಿ ಮದ್ದು ಹಾಕವ್ರೆ."

"ಏಳ್ ಗಂಟೇಗೆ ಯಾವನ್ಲಾ ಮದ್ದು ಹಾಕೋನು, ನಿಮ್ಮಪ್ಪನಾ?"

"ಶಾರ್ಕು ಬಾಲ್ದಲ್ ಒದ್ದೈತೆ."

"ದೃಷ್ಟಿ ಸ್ವಾಮಿ. ಒಂದ್ ಬೂದ್ಗುಂಬ್ಳ ಕಟ್ಟಿದ್ರೆ ಏನೂ ಆಯ್ತಿರ್ಲಿಲ್ಲ."

ಚಿಕ್ಕಪ್ಪ ದಿನಾ ಹೋಗಿ ತಲೆಗೆ ಟವೆಲ್ ಸುತ್ತಿಕೊಂಡು ಹಿಂದೆ ನಿಂತು ಇದನ್ನೆಲ್ಲ ಕೇಳುತ್ತಿದ್ದ. ಅವನು ಯಾರೆಂದು ಹೊರಗಿನಿಂದ ಬಂದವರಿಗೆ ಗೊತ್ತಿರಲಿಲ್ಲ. ಮೊದಲೆರಡು ದಿನ ಮನೆಗೆ ಬಂದು ಶಾರ್ಕಿನ ಕಥೆ ಹೇಳಿ ನಗಿಸಿದ. ಆಮೇಲೆ ರೈಲು, ಮದ್ದು, ದೃಷ್ಟಿ ಎಲ್ಲ ಹಿಂದೆ ಸರಿದು ಒಂದೇ ಮಾತು ಉಳಿಯಿತು: ಗೊಂಬೆಯ ಅರಗು ಹಾಕಿದ್ದರಂತೆ, ಬಿಟ್ಟುಕೊಂಡಿತಂತೆ. ಅದಕ್ಕೆ ಬೇರೆ ಪುರಾವೆ ಯಾರಿಗೂ ಬೇಕಿರಲಿಲ್ಲ. ಕೇಳಿದ ಕೂಡಲೇ ನಗು ಬರುತ್ತಿತ್ತು, ಅಷ್ಟು ಸಾಕಿತ್ತು. ಯಜಮಾನರು ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಆದರೆ ಅಲ್ಲ ಎಂದೂ ಹೇಳಲಿಲ್ಲ. ಬಾಗಿಲುವಾಡ ಮಾಡಿಸಬೇಕೆಂದವರು ಸದ್ಯಕ್ಕೆ ಬೇಡ ಎಂದು ಹೇಳಿ ಕಳಿಸಿದರು.

ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಲೇತಿನ ಬೆಲ್ಟು ಮೋಟಾರಿನಿಂದ ಕಳಚಿ ಮೊಳೆಗೆ ನೇತುಹಾಕಿತ್ತು. ಶಾಲೆಯ ಮಣಿಗಳಿಗೆ ಕತ್ತರಿಸಿದ ಆಲೆ ತುಂಡುಗಳು ಬುಟ್ಟಿಯಲ್ಲಿ ಹಾಗೇ ಇದ್ದವು. ಚಿಕ್ಕಪ್ಪ ಅವುಗಳ ಪಕ್ಕ ಕೂತಿದ್ದ.

"ಲೇ ಮಗ," ಎಂದ. "ನಿಮ್ ಕಂಪ್ನೀಲಿ ಗೇಟ್ ಕಾಯಾಕೆ ಫಾರಂ ಕೊಡ್ತರಂತಲ್ಲ. ಒಂದ್ ಈಸ್ಕಂಡ್ ಬಾ."

ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಹೂಂ, ಹೋಗ್ಲಿ. ಚಿಲ್ಕ ಇಲ್ದಿರೋ ಬಾಗ್ಲು ಅಂತಿದ್ರಲ್ಲ, ಇವರೇ ಚಿಲ್ಕ ಆಗ್ಲಿ." ಹಾಗೆ ಹೇಳಿದವಳು ಒಲೆಯ ಮುಂದೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಆಮೇಲೆ ಚಿಕ್ಕಪ್ಪ ತಲೆ ತಗ್ಗಿಸಿಕೊಂಡೇ ಕೇಳಿದ. "ನೀನು ಓದ್ದೋನು. ದಿಟ ಹೇಳು. ನನ್ ಅರಗೇ ಬುಟ್ಬುಡ್ತಾ?"

ನಾನು ಓದಿದವನ ಹಾಗೇ ಉತ್ತರ ಕೊಟ್ಟೆ. ಗೊತ್ತಿಲ್ಲ ಎಂದೆ. ಗಾಜು ಸೀಳಿದ್ದರೆ ಅದರ ಅಂಚು ಅರಗಿನಲ್ಲೇ ಕಚ್ಚಿಕೊಂಡು ಉಳಿದಿರುತ್ತದೆ, ಅರಗು ಬಿಟ್ಟಿದ್ದರೆ ಗಾಜು ಅಂಚಿನ ಸಮೇತ ಕಿತ್ತುಬಂದಿರುತ್ತದೆ, ಚೌಕಟ್ಟು ನೋಡದೆ ಹೇಳಲು ಬರುವುದಿಲ್ಲ, ಚೌಕಟ್ಟು ಗುಜರಿಗೆ ಹೋಯಿತು ಎಂದೆ. ಎಲ್ಲವೂ ಸರಿಯಾದ ಮಾತೇ. ಅವನು, "ಹಂಗಾದ್ರೆ ಫಾರಂ ತಕ್ಕಂಡ್ ಬಾ," ಎಂದು ಎದ್ದು ಹೋದ.

ಫಾರಂ ತಂದೆ. ಬ್ಯಾಗಿನಲ್ಲಿಟ್ಟುಕೊಂಡು ಎರಡು ದಿನ ಓಡಾಡಿದೆ. ಲ್ಯಾಬಿನಲ್ಲಿ ಕೂತು ನೀರಿನ ಒತ್ತಡ ಲೆಕ್ಕ ಹಾಕಿದೆ. ಗಾಜಿನ ದಪ್ಪ ಎಷ್ಟೆಂದು ಗೊತ್ತಿಲ್ಲದೆ ಪ್ರತಿ ಸಲವೂ ಬೇರೆ ಉತ್ತರ ಬಂತು.

ಭಾನುವಾರ ಚಿಕ್ಕಪ್ಪನ ಜೊತೆ ಹೋಟೆಲಿಗೆ ಹೋದೆ. ಕಾಲಿಡಲು ಜಾಗವಿರಲಿಲ್ಲ. ಕನಕಪುರದಿಂದ ಬಂದಿದ್ದ ದಪ್ಪ ಮೀಸೆಯವರೊಬ್ಬರು ತೊಟ್ಟಿಯಿದ್ದ ಜಾಗವನ್ನು ತೋರಿಸಿ ತಮ್ಮ ಜೊತೆಯವರಿಗೆ ವಿವರಿಸುತ್ತಿದ್ದರು.

"ಬುಗುರಿ ಮಾಡೋನ್ ಕೈಲಿ ಕೆರೆ ಏರಿ ಕಟ್ಸಿದ್ರೆ ಇನ್ನೇನಾಯ್ತದೆ? ಅವನ್ನ ತಕ್ಕಂಬಂದು ಇಲ್ಲೇ ನೀರ್ ಬಳಿಯಾಕೆ ಹಚ್ಬೇಕಿತ್ತು."

ಎಲ್ಲರೂ ನಕ್ಕರು. ಕಂಬದ ಪಕ್ಕ ನಿಂತಿದ್ದ ಚಿಕ್ಕಪ್ಪನೂ ನಕ್ಕ. ಗುಂಪಿನಲ್ಲಿ ತಾನೊಬ್ಬನೇ ನಗದಿದ್ದರೆ ಗೊತ್ತಾಗಿಬಿಡುತ್ತದಲ್ಲ, ಅದಕ್ಕೆ ನಕ್ಕ. ಆ ನಗು ನೋಡಿದ ಮೇಲೆ ನನ್ನ ಬಾಯಿಂದ ಮಾತು ಬಂತು.

"ಅರಗು ಬಿಡ್ಲಿಲ್ಲ ಸಾರ್. ನಾನ್ ಇಲ್ಲೇ ಇದ್ದೆ. ಗಾಜು ಮಧ್ಯಕ್ಕೆ ಸೀಳ್ತು."

ನಲವತ್ತು ತಲೆಗಳು ನನ್ನ ಕಡೆ ತಿರುಗಿದವು. ಅಷ್ಟು ದಿನ ಬಂದವರಲ್ಲಿ ನೋಡಿದವನು ಎನ್ನುವವನು ಒಬ್ಬನೂ ಸಿಕ್ಕಿರಲಿಲ್ಲ.

"ನೀನೆಲ್ಲಿದ್ಯಪ್ಪ?" ಎಂದರು ಮೀಸೆಯವರು.

"ಕೈ ತೊಳ್ಯೋ ಹತ್ರ. ನೈಟ್ ಶಿಫ್ಟ್ ಮುಗ್ಸಿ ಬಂದಿದ್ದೆ."

"ಸದ್ದು ಹೆಂಗ್ ಬಂತು?"

ಹೇಗೆ ಬಂದಿರಬಹುದೋ ಹಾಗೆ ಮಾಡಿ ತೋರಿಸಿದೆ. ಮೇಲಿನಿಂದ ಕೆಳಗೆ ಒಂದು ಗೆರೆ ಓಡಿತು, ಆಮೇಲೆ ಹೊಟ್ಟೆ ಉಬ್ಬಿದ ಹಾಗೆ ಆಗಿ ಹಾರಿತು, ನಾಲ್ಕು ಮೂಲೆಯೂ ಅಲುಗಲಿಲ್ಲ ಎಂದೆ. ಯಾರೋ ಕಾಫಿ ಕೊಡಿಸಿದರು. ಒಬ್ಬ ಅಜ್ಜಿ, "ನಿಂಗೇನೂ ಆಗ್ಲಿಲ್ವೇನಪ್ಪ?" ಎಂದು ಕೈ ಮುಟ್ಟಿ ನೋಡಿದರು. "ಸಾಕ್ಸು ಒದ್ದೆ ಆಯ್ತು ಅಷ್ಟೇ," ಎಂದೆ. ಸಾಕ್ಸು ನನ್ನ ಕಥೆಯೊಳಗೆ ಬಂದದ್ದು ಆಗ. ಅದು ನಿಜವಾದ ನೆನಪೇ ಇರಬಹುದು, ಆ ಅಜ್ಜಿಗಾಗಿ ಹುಟ್ಟಿದ್ದೂ ಇರಬಹುದು.

ವಾಪಸ್ಸು ಟಿವಿಎಸ್‌ನಲ್ಲಿ ಚಿಕ್ಕಪ್ಪ ನನ್ನ ಹಿಂದೆ ಕೂತು ಬಂದ. ಚನ್ನಪಟ್ಟಣದ ಹತ್ತಿರ ಬಂದಾಗ ಕಿವಿಯ ಬಳಿ ಬಾಗಿ ಕೇಳಿದ.

"ದಿಟ್ವಾಗ್ಲೂ ನೋಡ್ದೇನ್ಲಾ?"

"ಹೂಂ."

"ಮತ್ತೆ ಮೊನ್ನೆ ಗೊತ್ತಿಲ್ಲ ಅಂದೆ?"

"ಆಗ ಸರಿಯಾಗಿ ನೆನಪು ಮಾಡ್ಕೊಂಡಿರ್ಲಿಲ್ಲ ಚಿಕ್ಕಪ್ಪ."

ಮರುದಿನ ಬೆಳಿಗ್ಗೆ ಲೇತಿನ ಸದ್ದಿಗೆ ನನಗೆ ಎಚ್ಚರವಾಯಿತು. ಬುಟ್ಟಿಯ ಆಲೆ ತುಂಡುಗಳು ಎಣಿಕೆಯ ಮಣಿಗಳಾಗಿ ಶಾಲೆಗೆ ಹೋದವು. ನನ್ನ ಮಾತು ಬಸ್ಸು ಹತ್ತಿ ನಾಲ್ಕು ಊರಿಗೂ ಹೋಯಿತು. ನೋಡಿದವನೇ ಹೇಳಿದ ಮೇಲೆ ಅರಗಿನ ಕಥೆಗೆ ಬೆಲೆ ಉಳಿಯಲಿಲ್ಲ. ಆ ಚಳಿಗಾಲದಲ್ಲಿ ನಾನು ಅದೆಷ್ಟು ಸಲ ಅದನ್ನು ಹೇಳಿದೆನೋ, ಪ್ರತಿ ಸಲವೂ ಕೇಳಿದವರು ಏನಾದರೊಂದು ಸೇರಿಸಿದರು. ಇಡ್ಲಿ ತಟ್ಟೆ ಅಡುಗೆಯವನದು. ರಸ್ತೆಯವರೆಗೆ ಹರಿದ ನೀರು ಆಟೋದವರದು. ವರ್ಷ ಕಳೆಯುವ ಹೊತ್ತಿಗೆ ಯಾವುದು ಯಾರದೆಂದು ಬಿಡಿಸಲು ನನಗೇ ಆಗಲಿಲ್ಲ.

ಒಬ್ಬ ಮಾತ್ರ ಅದನ್ನು ಪೂರ್ತಿ ನಂಬಿರಲಿಲ್ಲ. ಯಾರಾದರೂ, "ಗಾಜೇ ಸೀಳ್ತಂತಲ್ಲ, ನಿನ್ ತಪ್ಪೇನೂ ಇಲ್ವಂತೆ," ಎಂದರೆ ಚಿಕ್ಕಪ್ಪ, "ನಮ್ ಹುಡ್ಗ ಹಂಗಂತಾನೆ," ಎನ್ನುತ್ತಿದ್ದ. ಅಷ್ಟೇ. ಗೊಂಬೆ, ಮಣಿ ಬಿಟ್ಟು ಬೇರೆ ಯಾವುದಕ್ಕೂ ಅರಗು ಹಾಕಲು ಒಪ್ಪುತ್ತಿರಲಿಲ್ಲ. ಬಾಗಿಲುವಾಡದವರು ಎರಡನೆಯ ಸಲ ಕೇಳಿಕೊಂಡು ಬಂದಾಗಲೂ, "ಬ್ಯಾಡ ಬುಡಿ, ನಂಗೇ ನಂಬ್ಕೆ ಇಲ್ಲ," ಎಂದು ಕಳಿಸಿದ. ಒಬ್ಬನೇ ಇದ್ದಾಗ ಹೆಬ್ಬೆರಳನ್ನು ಮೇಜಿನ ಅಂಚಿನ ಮೇಲೆ ಎಳೆಯುವುದು ಅವನಿಗೆ ರೂಢಿಯಾಯಿತು. ಅದು ನನ್ನ ಕಣ್ಣಿಗೆ ಬಿದ್ದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಹೀಗೇ ನಾಲ್ಕೈದು ವರ್ಷ ಹೋದವು. ರಾಮನಗರ ಜಿಲ್ಲೆಯಾದ ಹೊಸತು. ನಾನು ಆಗ ಇನ್ನೊಂದು ಕಾರ್ಖಾನೆ ಸೇರಿ ಬೇರೆ ಮನೆ ಮಾಡಿಕೊಂಡಿದ್ದೆ. ಮತ್ತೊಂದು ಧನುರ್ಮಾಸದ ಬೆಳಿಗ್ಗೆ, ಯಜಮಾನರ ಹೋಟೆಲಿನಲ್ಲಿ ಅವರೂ ಚಿಕ್ಕಪ್ಪನೂ ನಾನೂ ಪೊಂಗಲ್ ತಿನ್ನುತ್ತಿದ್ದೆವು. ವಿಪರೀತ ಚಳಿ. ಯಜಮಾನರು ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಮಾತಿಗೆ ಹೇಳಿದರು.

"ಹಿಂಗೇ ಇತ್ತು ಕಣಪ್ಪ ಅವತ್ತೂನೂವೆ. ಮೀನು ಪಾಪ, ತಳ ಹಿಡ್ದು ಮುದುರ್ಕಂಡಿದ್ವು. ಒಂದೂ ಅಲ್ಲಾಡದು. ನಾನೇ ಕುರ್ಚಿ ಹತ್ಕಂಡು ಎರಡ್ ಕೊಡ ಬಿಸ್ನೀರು ಹುಯ್ದೆ, ಇಡ್ಲಿ ಒಲೆ ಮ್ಯಾಗಿಂದು. ಒಸಿ ಬೆಚ್ಗಾದ್ವು ಅಂತ ಕಾಣ್ತದೆ, ಒಂದೆರಡು ಮೇಲಕ್ಕೂ ಬಂದ್ವು. ಅಷ್ಟರಲ್ಲಿ ಹಿಂಗಾಗೋಯ್ತು ನೋಡು."

ಅದು ಮುಚ್ಚಿಟ್ಟುಕೊಂಡದ್ದನ್ನು ಒಪ್ಪಿಕೊಳ್ಳುವ ಮಾತಾಗಿರಲಿಲ್ಲ. ಅವರಿಗೆ ಅದು ಹೇಳಬೇಕಾದ ಸಂಗತಿ ಎಂದೇ ಇಷ್ಟು ವರ್ಷ ಅನ್ನಿಸಿರಲಿಲ್ಲ. ಮೂವತ್ತು ವರ್ಷ ಬೇಸಿನ್ನಿನ ನೀರು ಆರಿದಾಗಲೆಲ್ಲ ಒಂದು ಕೊಡ ಕುದಿಯುವ ನೀರು ಸುರಿದ ಕೈ ಅದು. ಸುರಿದರೆ ಗೂಡು ಮೆತ್ತಗಾಗಿ ಎಳೆ ಬಿಡುತ್ತದೆ, ಕೆಲಸ ಸಾಗುತ್ತದೆ. ರೀಲರ್‌ಗೆ ಬಿಸಿ ನೀರು ಎಂದರೆ ಉಪಕಾರ. ತಣ್ಣಗೆ ಕೊರೆಯುವ ದಪ್ಪ ಗಾಜಿಗೆ ಅದು ಏನು ಮಾಡುತ್ತದೆ ಎಂದು ಯೋಚಿಸಲು ಅವರಿಗೆ ಕಾರಣವೇ ಇರಲಿಲ್ಲ. ಇನ್ನೊಂದು ವಿಷಯ ನನ್ನನ್ನು ಕುಟುಕಿತು. ಅವರು ಕುರ್ಚಿಯ ಮೇಲೆ ನಿಂತಿದ್ದದ್ದು ನನ್ನ ನೆನಪಿನಲ್ಲಿ ಮೊದಲೇ ಇತ್ತು; ಕುರ್ಚಿಯ ಸುದ್ದಿ ಅದುವರೆಗೆ ನನಗೆ ಯಾರು ಹೇಳಿದ್ದರು?

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿ ಹಿಡಿದ. ಹೊರಗೆ ಬಂದ ಮೇಲೆ ಹೇಳಿದ.

"ಅವ್ನಿಗೆ ಏನೂ ಅನ್ಬ್ಯಾಡ. ಮೀನಿಗೆ ಚಳಿ ಆಯ್ತದೆ ಅಂತ ಮಾಡವ್ನೆ."

"ಬಿಸಿ ನೀರಿಗೆ ಗಾಜು ಸೀಳೇ ಸೀಳತ್ತೆ ಚಿಕ್ಕಪ್ಪ. ನಿನ್ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ."

"ಏನ್ ಗೊತ್ತಾಯ್ತು?" ಎಂದು ಅವನು ನಿಂತುಬಿಟ್ಟ. "ಬಿಸ್ನೀರಿಗೆ ಅರಗು ಮೆತ್ಗಾಗಲ್ವಾ? ನಾನೇನ್ಲಾ ಮೂವತ್ ವರ್ಸದಿಂದ ಮಾಡ್ತಿರೋದು, ಬಿಸಿ ಕೊಟ್ಟು ಅರಗು ಕರಗ್ಸೋದಲ್ವೇನ್ಲಾ?"

ಅಷ್ಟು ಓದಿದ ನನಗೆ ಹೊಳೆಯದ ಅನುಮಾನ ಅವನಿಗೆ ಹೊಳೆದಿತ್ತು. ನನ್ನ ಸಾಕ್ಷ್ಯದಿಂದ ಇಷ್ಟು ದಿನ ಅರ್ಧವಾದರೂ ನೆಮ್ಮದಿಯಾಗಿದ್ದವನು ಈಗ ಅದನ್ನೂ ಕಳೆದುಕೊಂಡ. ಆ ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ ಎಂದು ಚಿಕ್ಕಮ್ಮ ನನಗೆ ಫೋನು ಮಾಡಿದಳು. ನಾನು ಯಜಮಾನರ ಬಳಿ ಹೋಗಿ, ಹಳೆಯ ಕಬ್ಬಿಣ ಬೇಕಿತ್ತು, ಆ ಚೌಕಟ್ಟು ಯಾವ ಗುಜರಿಗೆ ಹಾಕಿದಿರಿ ಎಂದು ಕೇಳಿದೆ.

"ಗುಜ್ರಿಗ್ಯಾಕಪ್ಪ ಹಾಕ್ಲಿ? ಒಳ್ಳೆ ಆಂಗಲ್ಲು. ಮಾಗಡಿ ಅಕ್ಕನ ಮನೇಲೈತೆ."

ಚಿಕ್ಕಪ್ಪನೂ ನಾನೂ ರಾಮನಗರದಿಂದ ಮಾಗಡಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಸುಮಾರು ದೂರ ಹೋದ ಮೇಲೆ ನನ್ನ ಕಡೆ ತಿರುಗದೆ, "ನೀನ್ ಅವತ್ತು ನೋಡಿರ್ಲಿಲ್ಲ, ಅಲ್ವೇನ್ಲಾ?" ಎಂದ.

"ಗೊತ್ತಿಲ್ಲ ಚಿಕ್ಕಪ್ಪ," ಎಂದೆ. ಅದು ನಿಜವಾಗಿತ್ತು.

"ಹಂಗನ್ನು ಮತ್ತೆ," ಎಂದು ನನ್ನ ತೊಡೆಗೆ ಮೆಲ್ಲಗೆ ಹೊಡೆದು ಮತ್ತೆ ಕಿಟಕಿಗೆ ಮುಖ ಮಾಡಿದ.

ಯಜಮಾನರ ಅಕ್ಕ ಚೌಕಟ್ಟನ್ನು ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿ ಅದರ ಮೇಲೆ ಚಪ್ಪರದವರೆ ಹಬ್ಬಿಸಿದ್ದರು. ಹೂವೂ ಕಾಯಿಯೂ ತುಂಬಿತ್ತು. "ಬಳ್ಳಿ ಮುರೀಬ್ಯಾಡಿ ಕಣ್ರಪ್ಪ, ಕಾಯಿ ಬೇಕಾದ್ರೆ ಕಿತ್ಕಳಿ," ಎಂದು ಹೇಳಿ ಅವರು ನೀರು ತರಲು ಒಳಗೆ ಹೋದರು. ನಾವು ಬಳ್ಳಿಯನ್ನು ಮೆಲ್ಲಗೆ ಬದಿಗೆ ಸರಿಸಿದೆವು. ಕಬ್ಬಿಣ ತುಕ್ಕು ಹಿಡಿದಿತ್ತು. ಕೆಂಪು ಅರಗು ಅಲ್ಲಲ್ಲಿ ಬಿಳಿಚಿಕೊಂಡು, ಇನ್ನುಳಿದ ಕಡೆ ಹಾಗೇ ಇತ್ತು. ಚಿಕ್ಕಪ್ಪ ಮಂಡಿಯೂರಿ ಕೂತು ಹೆಬ್ಬೆರಳನ್ನು ಕೆಳಗಿನ ಅಂಚಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದ. ಒಂದು ಕಡೆ ನಿಂತ. ಏನೋ ಸಿಕ್ಕಿತು ಎಂದುಕೊಂಡು ನಾನು ಬಾಗಿದೆ.

"ಇಲ್ಲಿ ಒಸಿ ದಪ್ಪ ಆಗೋಗದೆ," ಎಂದ. "ತೀಡ್ಬೇಕಾಗಿತ್ತು."

ಆಮೇಲೆ ಎದ್ದು, ಬೆರಳನ್ನು ಪಂಚೆಗೆ ಒರೆಸಿಕೊಂಡು, ಬುಟ್ಟಿ ಕೇಳಿ ಅವರೆಕಾಯಿ ಕೀಳತೊಡಗಿದ. ನಾನು ಜೇಬಿನಿಂದ ಬೀಗದ ಕೈ ತೆಗೆದು ನನ್ನ ಕೆಲಸ ಮಾಡಿದೆ. ಇದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ, ಕೈಯಾರೆ ಪರೀಕ್ಷಿಸಿದ್ದೇನೆ: ರಸ್ತೆ ಕಡೆಗಿದ್ದ ಬದಿಯಲ್ಲಿ, ಕೆಳಗಿನ ಅಂಚಿನುದ್ದಕ್ಕೂ, ಎಡಬಲದ ಅಂಚುಗಳಲ್ಲಿ ನನ್ನ ಎದೆಯ ಎತ್ತರದವರೆಗೂ, ಒಡೆದ ಗಾಜಿನ ಅಂಚು ಅರಗಿನೊಳಗೆ ಕಚ್ಚಿಕೊಂಡೇ ಇತ್ತು. ಏಳು ಕಡೆ ಮೀಟಿದೆ. ಒಂದು ಕಡೆಯೂ ಬಿಡಲಿಲ್ಲ.